ಬೆಳೆದ ಗಂಡು ನಾಯಿ ಮನೆಯೊಳಗೆ ಮೂತ್ರ ಮಾಡುವುದನ್ನು ನಿಲ್ಲಿಸುವುದು ಹೇಗೆ? ತೋಟದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆಯ ತೋಟದ ಮನೆಗಳಲ್ಲಿ ನಾಯಿಯೆಂದರೆ ಒಂದು ಕಾಲಕ್ಕೆ ಹಗಲು ಗೂಡಿನಲ್ಲಿಯೋ ಸಂಕೋಲೆಯಲ್ಲಿಯೋ ಇದ್ದು, ರಾತ್ರಿ ಬಿಟ್ಟಾಗ ತೋಟ ಕಾಯುವ ಪ್ರಾಣಿಯಾಗಿತ್ತು. ಅದು ಎಲ್ಲಿ ಮೂತ್ರ ಮಾಡುತ್ತದೆ ಎಂಬುದನ್ನು ಯಾರೂ ಚಿಂತಿಸುತ್ತಿರಲಿಲ್ಲ. ಈಗ ಅನೇಕ ಮನೆಗಳಲ್ಲಿ ನಾಯಿ ಜಗಲಿ ದಾಟಿ ಚಾವಡಿಗೆ ಬಂದಿದೆ, ಚಾವಡಿಯಿಂದ ಮಲಗುವ ಕೋಣೆಗೂ ಬಂದಿದೆ. ಜೊತೆಗೆ ಒಂದು ದೂರೂ ಬಂದಿದೆ: ಮರಿಯಾಗಿದ್ದಾಗ ಸರಿಯಾಗಿಯೇ ಇದ್ದ ಗಂಡು ನಾಯಿ, ಎರಡು ಮೂರು ವರ್ಷ ಪ್ರಾಯವಾದ ಮೇಲೆ ಸೋಫಾದ ಕಾಲಿಗೆ, ಬಾಗಿಲಿನ ಪರದೆಗೆ, ಅಡಿಕೆ ಗೋಣಿಗೆ ಕಾಲೆತ್ತುತ್ತಿದೆ, ಹೊಡೆದರೂ ಬಿಡುವುದಿಲ್ಲ, ಗದರಿದರೂ ಬಿಡುವುದಿಲ್ಲ.

ಹೊಡೆತದಿಂದ ಈ ಅಭ್ಯಾಸ ಬಿಡುವುದೂ ಇಲ್ಲ. ನಾಯಿ ಮನೆಯೊಳಗೆ ಮೂತ್ರ ಮಾಡುವುದಕ್ಕೆ ಹಲವು ಕಾರಣಗಳಿದ್ದು, ಒಂದೊಂದಕ್ಕೂ ಪರಿಹಾರ ಬೇರೆ. ಕಾರಣವನ್ನು ಗುರುತಿಸದೆ ಮಾಡುವ ಎಲ್ಲ ಪ್ರಯತ್ನವೂ ವ್ಯರ್ಥವೆಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ, ಈ ಬರಹದಲ್ಲಿ ಆ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಕ್ರಮವನ್ನು ಬದಲಿಸದೆ, ಒಂದು ಹಂತ ಮುಗಿಸಿ ಮುಂದಿನದಕ್ಕೆ ಹೋಗಬೇಕೆಂದು ಓದುಗರಲ್ಲಿ ವಿನಂತಿ.

ಮೊದಲ ಹಂತ: ಯಾವ ಬಗೆಯ ಮೂತ್ರವೆಂದು ನೋಡಿ ತಿಳಿಯುವುದು

ಒಂದು ವಾರ ಏನನ್ನೂ ಬದಲಿಸದೆ ಬರೀ ಗಮನಿಸಿ. ಅಡುಗೆ ಮನೆಯ ಕ್ಯಾಲೆಂಡರಿನ ಬದಿಯಲ್ಲಾದರೂ ಸರಿ, ನಾಲ್ಕು ವಿಷಯಗಳನ್ನು ಬರೆದಿಡಿ: ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಪ್ರಮಾಣ, ಅದಕ್ಕೆ ಸ್ವಲ್ಪ ಮೊದಲು ಏನು ನಡೆದಿತ್ತು. ಈ ನಾಲ್ಕರಲ್ಲಿ ಪ್ರಮಾಣ ಮತ್ತು ಸ್ಥಳ ಅತಿ ಮುಖ್ಯ.

ಪ್ರಾಯಕ್ಕೆ ಬಂದ ಗಂಡು ನಾಯಿಗಳಲ್ಲಿ ಬಹಳ ಸಾಮಾನ್ಯವಾದದ್ದು ಗುರುತು ಹಾಕುವ ಮೂತ್ರ. ಜಗಲಿಯಲ್ಲಿ ಹೊಸದಾಗಿ ತಂದಿಟ್ಟ ಗೋಣಿಚೀಲವೊಂದಿದೆ ಎಂದಿಟ್ಟುಕೊಳ್ಳಿ. ನಾಯಿ ಅದರ ಬಳಿಗೆ ಬಂದು ಕೆಳಗಿನ ಮೂಲೆಯನ್ನು ಬಹಳ ಹೊತ್ತು ಮೂಸುತ್ತದೆ, ಮೂಗನ್ನು ಚೀಲದ ನೂಲಿಗೆ ಒತ್ತಿ ಒಂದೆರಡು ಸಲ ಜೋರಾಗಿ ಉಸಿರೆಳೆಯುತ್ತದೆ, ಆಮೇಲೆ ಒಂದೆರಡು ಹೆಜ್ಜೆ ಮುಂದಿಟ್ಟು ತನ್ನ ಸೊಂಟ ಚೀಲದ ನೇರಕ್ಕೆ ಬರುವಂತೆ ನಿಂತು ಕಾಲೆತ್ತುತ್ತದೆ. ಬೀಳುವುದು ಒಂದೆರಡು ಚಮಚದಷ್ಟು ಮಾತ್ರ. ಕೂಡಲೇ ಹಿಂದಿರುಗಿಯೂ ನೋಡದೆ ಹೊರಟುಹೋಗುತ್ತದೆ. ನೆಲದಿಂದ ಅರ್ಧ ಅಡಿ, ಒಂದು ಅಡಿ ಎತ್ತರದಲ್ಲಿ ಶುರುವಾಗಿ ಕೆಳಕ್ಕಿಳಿದ ಹಳದಿ ಗೆರೆ ಒಣಗಿದ ಮೇಲೂ ಕಾಣುತ್ತದೆ. ಲಂಬವಾದ ವಸ್ತು, ಕಡಿಮೆ ಪ್ರಮಾಣ, ಮತ್ತೆ ಮತ್ತೆ ಅದೇ ಜಾಗ ಅಥವಾ ಹೊಸದಾಗಿ ಬಂದ ವಸ್ತು, ಈ ಮೂರು ಕೂಡಿ ಬಂದರೆ ಅದು ಗುರುತು. ಇಲ್ಲಿ ನಾಯಿಗೆ ಮೂತ್ರದ ಒತ್ತಡವಿಲ್ಲ. ತಾನಿರುವ ಸುದ್ದಿಯನ್ನು ವಾಸನೆಯಲ್ಲಿ ಬರೆದಿಡುತ್ತಿದೆ. ಈ ವರ್ತನೆ ಆರರಿಂದ ಹನ್ನೆರಡು ತಿಂಗಳ ಪ್ರಾಯದಲ್ಲಿ ತಲೆಯೆತ್ತಿ, ತಡೆಯದಿದ್ದರೆ ಗಟ್ಟಿಯಾಗುತ್ತಾ ಹೋಗುತ್ತದೆ.

ಇದಕ್ಕೆ ವಿರುದ್ಧವಾದದ್ದು ನೆಲದ ನಡುವೆಯೋ ಚಾಪೆಯ ಮೇಲೆಯೋ ಕಾಣುವ ದೊಡ್ಡ ಕೊಚ್ಚೆ. ಅದು ಮೂತ್ರಕೋಶ ತುಂಬಿ ಬರಿದು ಮಾಡಿದ್ದು. ಹೊರಗೆ ಹೋಗುವ ಅವಕಾಶ ಸಾಲದು, ಮಳೆಗೆ ಹೆದರಿ ಹೊರಗೆ ಮಾಡದೆಯೇ ಬಂದಿದೆ, ಮನೆಯೊಳಗೆ ಮಾಡಬಾರದೆಂದು ಕಲಿತೇ ಇಲ್ಲ, ಅಥವಾ ಕಾಯಿಲೆಯಿದೆ ಎಂದು ಅದರ ಅರ್ಥ. ಎಷ್ಟೋ ವರ್ಷ ಗೂಡಿನಲ್ಲೇ ಮಲಗಿ ಗೂಡಿನಲ್ಲೇ ಮೂತ್ರ ಮಾಡಬೇಕಾಗಿ ಬಂದ ನಾಯಿಗೆ ಮಲಗುವ ಜಾಗ ಬೇರೆ, ಮೂತ್ರದ ಜಾಗ ಬೇರೆ ಎಂಬ ಭೇದವೇ ಉಳಿದಿರುವುದಿಲ್ಲ. ಅಂಥ ನಾಯಿಯನ್ನು ಒಳಗೆ ತಂದುಕೊಂಡವರು ಅದನ್ನು ಮರಿಯೆಂದೇ ಭಾವಿಸಿ ಮೊದಲಿನಿಂದ ಕಲಿಸಬೇಕು.

ಇನ್ನೂ ಕೆಲವು ಬಗೆಗಳಿವೆ. ಯಜಮಾನರು ಪೇಟೆಯಿಂದ ಬಂದ ಕೂಡಲೇ ಬಾಲ ಅಲ್ಲಾಡಿಸುತ್ತಾ, ಮೈ ಮುದುಡಿ, ಕಿವಿ ಹಿಂದಕ್ಕೆ ಮಡಚಿ ಸ್ವಲ್ಪ ಹನಿಸುವುದು ಅತಿಯಾದ ಸಂತೋಷದಿಂದಲೋ ವಿಧೇಯತೆಯಿಂದಲೋ ಆಗುವಂಥದ್ದು. ಮಲಗಿದ್ದಲ್ಲಿಯೇ ಹಾಸು ಒದ್ದೆಯಾದರೆ ಅದು ಹತೋಟಿ ತಪ್ಪಿದ ಸೋರಿಕೆ. ಮನೆಮಂದಿಯೆಲ್ಲ ಹೊರಗೆ ಹೋದಾಗ ಮಾತ್ರ, ಅದೂ ಬಾಗಿಲು ಕೆರೆದು, ಊಳಿಟ್ಟು ಮೂತ್ರ ಮಾಡಿದರೆ ಅದು ಒಂಟಿತನದ ಭಯ. ಹತ್ತು ಹನ್ನೆರಡು ವರ್ಷದ ಮುದಿ ನಾಯಿ ಪರಿಚಿತ ಮನೆಯಲ್ಲೇ ದಿಕ್ಕು ತಪ್ಪಿದಂತೆ ನಡೆದು ಎಲ್ಲೆಂದರಲ್ಲಿ ಮಾಡುತ್ತಿದ್ದರೆ ಅದು ಮೆದುಳಿನ ಮುಪ್ಪಾಗಿರಬಹುದು. ಇವುಗಳಲ್ಲಿ ಒಂದಕ್ಕೂ ಶಿಕ್ಷೆ ಔಷಧವಲ್ಲ, ಮೊದಲೆರಡಕ್ಕಂತೂ ಶಿಕ್ಷೆಯೇ ವಿಷ. ಹಟಕ್ಕೆ ಅಥವಾ ಸೇಡಿಗೆ ನಾಯಿ ಮೂತ್ರ ಮಾಡುತ್ತದೆಂಬ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ.

ಎರಡನೆಯ ಹಂತ: ಮೃಗಾಸ್ಪತ್ರೆಗೆ ಒಯ್ಯುವುದು

ಇಷ್ಟು ದಿನ ಸರಿಯಿದ್ದ ನಾಯಿ ಹಠಾತ್ತನೆ ಬದಲಾದರೆ, ತರಬೇತಿಗೆ ಮೊದಲು ವೈದ್ಯರು. ಕೇರಳದಲ್ಲಿ ಹೆಚ್ಚುಕಡಿಮೆ ಪ್ರತಿ ಪಂಚಾಯತಿನಲ್ಲೂ ಸರಕಾರಿ ಮೃಗಾಸ್ಪತ್ರೆ ಇರುವುದು ನಮ್ಮ ಭಾಗ್ಯ. ಅಲ್ಲಿಗೆ ಹೋಗುವಾಗ ಒಂದು ವಾರದ ಟಿಪ್ಪಣಿಯನ್ನೂ ಮೂತ್ರದ ಮಾದರಿಯನ್ನೂ ಜೊತೆಗೊಯ್ದರೆ ವೈದ್ಯರ ಕೆಲಸ ಅರ್ಧ ಹಗುರವಾಗುತ್ತದೆ. ಮಾದರಿ ಹಿಡಿಯಲು ಉದ್ದ ಹಿಡಿಯ ಸೌಟೊಂದನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಇದಕ್ಕೆಂದೇ ತೆಗೆದಿರಿಸಿ. ಬೆಳಗ್ಗೆ ಮೊದಲ ಮೂತ್ರದಲ್ಲಿ ಆರಂಭದ ಧಾರೆ ಬಿಟ್ಟು, ನಡುವಿನದನ್ನು ಸೌಟಿನಲ್ಲಿ ಹಿಡಿದು ಶುದ್ಧವಾದ ಮುಚ್ಚಳದ ಡಬ್ಬಿಗೆ ಹಾಕಿ, ಒಂದೆರಡು ಗಂಟೆಯೊಳಗೆ ತಲುಪಿಸಿ, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ.

ನೀರು ಕುಡಿಯುವುದನ್ನೂ ಅಳೆಯಬೇಕು. ಆರೋಗ್ಯವಂತ ನಾಯಿ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಕುಡಿಯುತ್ತದೆ. ಸೆಕೆಗಾಲದಲ್ಲಿ ಸ್ವಲ್ಪ ಹೆಚ್ಚು. ಕಿಲೋಗೆ 100 ಮಿಲಿಲೀಟರ್ ದಾಟಿದರೆ, ಅಂದರೆ ಹತ್ತು ಕಿಲೋದ ನಾಯಿ ದಿನಾ ಒಂದು ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಅಥವಾ ಅಡ್ರಿನಲ್ ಗ್ರಂಥಿಯ ದೋಷವಿರಬಹುದು. ತುರಿಕೆಗೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳಿಂದಲೂ ಬಾಯಾರಿಕೆ, ಮೂತ್ರ ಎರಡೂ ಹೆಚ್ಚುತ್ತವೆ. ಮಳೆಗಾಲದಲ್ಲಿ ಚರ್ಮರೋಗಕ್ಕೆ ಮದ್ದು ನಡೆಯುತ್ತಿದ್ದರೆ ವೈದ್ಯರಿಗೆ ಅದನ್ನು ಹೇಳಿ. ಹಾಗೆಂದು ಮೂತ್ರ ಕಡಿಮೆಯಾಗಲಿ ಎಂದು ನೀರಿನ ಪಾತ್ರೆ ಎತ್ತಿಡುವುದು ಅಪಾಯ.

ಬೀಜ ತೆಗೆಸದ ಗಂಡು ನಾಯಿಗಳಲ್ಲಿ ಐದಾರು ವರ್ಷ ಕಳೆದ ಮೇಲೆ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು ಬಹಳ ಸಾಮಾನ್ಯ; ಮೂತ್ರದಲ್ಲಿ ಅಥವಾ ಲಿಂಗದ ತುದಿಯಲ್ಲಿ ರಕ್ತದ ಹನಿ, ಮಲ ವಿಸರ್ಜನೆಗೆ ಕಷ್ಟ, ಇವು ಅದರ ಸೂಚನೆ. ಕೆಂಪಾದ ಅಥವಾ ಕಾಫಿ ಬಣ್ಣದ ಮೂತ್ರ ಬಂದರೆ ಉಣ್ಣಿಯಿಂದ ಹರಡುವ ಬೇಬಿಸಿಯಾ ಜ್ವರವನ್ನು ಶಂಕಿಸಬೇಕು. ತೋಟ, ಗುಡ್ಡ ಸುತ್ತುವ ನಮ್ಮ ನಾಯಿಗಳಿಗೆ ಉಣ್ಣಿ ತಪ್ಪಿದ್ದಲ್ಲ. ತೋಟದಲ್ಲಿಟ್ಟ ಇಲಿ ಪಾಷಾಣ ತಿಂದರೂ ಮೂತ್ರದಲ್ಲಿ ರಕ್ತ ಬರಬಹುದು.

ಇನ್ನೊಂದು ಲಕ್ಷಣವನ್ನಂತೂ ನಾಳೆಗೆ ಮುಂದೂಡುವಂತೆಯೇ ಇಲ್ಲ. ನಾಯಿ ಮತ್ತೆ ಮತ್ತೆ ಕಾಲೆತ್ತುತ್ತದೆ, ಮುಕ್ಕಿರಿಯುತ್ತದೆ, ಆದರೆ ಹನಿ ಮಾತ್ರ ಬರುತ್ತದೆ ಅಥವಾ ಏನೂ ಬರುವುದಿಲ್ಲ ಎಂದಾದರೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು. ಗಂಡು ನಾಯಿಯ ಲಿಂಗದಲ್ಲಿ ಎಲುಬೊಂದಿದ್ದು, ಅಲ್ಲಿ ಮೂತ್ರನಾಳ ಕಿರಿದಾಗಿ ಹಿಗ್ಗುವುದಕ್ಕೆ ಆಸ್ಪದವಿಲ್ಲದ ಕಾರಣ ಕಲ್ಲು ಅಲ್ಲಿಯೇ ನಿಲ್ಲುತ್ತದೆ. ಇದನ್ನು ಗುರುತು ಹಾಕುವ ಚಾಳಿಯೆಂದು ತಪ್ಪು ತಿಳಿದು ಎರಡು ದಿನ ಕಳೆದರೆ ನಾಯಿ ಉಳಿಯುವುದಿಲ್ಲ. ರಾತ್ರಿಯಾದರೂ ವೈದ್ಯರನ್ನು ಹುಡುಕಿ.

ಇಲಿಜ್ವರದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕೇರಳದ ಮಳೆಗಾಲದಲ್ಲಿ ಮನುಷ್ಯರನ್ನು ಪ್ರತಿ ವರ್ಷ ಕಾಡುವ ಲೆಪ್ಟೊಸ್ಪೈರೊಸಿಸ್ ರೋಗದ ಬ್ಯಾಕ್ಟೀರಿಯಾ ಇಲಿಯ ಮೂತ್ರದಿಂದ ನಾಯಿಗೂ, ರೋಗ ತಗಲಿದ ನಾಯಿಯ ಮೂತ್ರದಿಂದ ಮನೆಮಂದಿಗೂ ಬರಬಲ್ಲದು. ಆದುದರಿಂದ ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯ ಜೊತೆಗೆ ಲೆಪ್ಟೊ ಸೇರಿರುವ ಲಸಿಕೆಯನ್ನೂ ಹಾಕಿಸಿ, ಮತ್ತು ಮೂತ್ರ ಒರೆಸುವಾಗ ಕೈಗವಸು ಹಾಕಿಕೊಳ್ಳಿ. ಕಾಲಿನಲ್ಲಿ ಗಾಯವಿರುವವರು, ಅಡಿಕೆ ಸುಲಿದು ಬೆರಳು ಸೀಳಿರುವವರು ಬರಿಗೈಯಲ್ಲಿ ಆ ಕೆಲಸಕ್ಕೆ ಹೋಗಲೇಬಾರದು.

ಮೂರನೆಯ ಹಂತ: ಹಳೆಯ ವಾಸನೆಯನ್ನು ಬೇರು ಸಮೇತ ತೆಗೆಯುವುದು

ವೈದ್ಯರು ಕಾಯಿಲೆಯಿಲ್ಲ ಎಂದ ಮೇಲೆ ನಿಜವಾದ ಕೆಲಸ ಶುರು. ನಮ್ಮ ಮೂಗಿಗೆ ಏನೂ ತಿಳಿಯದ ಜಾಗದಲ್ಲಿ ನಾಯಿಗೆ ತನ್ನ ಹಳೆಯ ಗುರುತು ಸ್ಪಷ್ಟವಾಗಿ ಸಿಗುತ್ತದೆ, ಮತ್ತು ಆ ವಾಸನೆ ಇರುವವರೆಗೂ ಅದನ್ನು ನವೀಕರಿಸುವುದನ್ನು ನಾಯಿ ತನ್ನ ಕರ್ತವ್ಯವೆಂದೇ ತಿಳಿಯುತ್ತದೆ. ಅತಿನೇರಳೆ ಬೆಳಕಿನ ಸಣ್ಣ ಟಾರ್ಚು ಆನ್‌ಲೈನಿನಲ್ಲಿ ಸಿಗುತ್ತದೆ; ರಾತ್ರಿ ದೀಪ ಆರಿಸಿ ಗೋಡೆಯ ಬುಡ, ಪೀಠೋಪಕರಣದ ಕಾಲು, ಪರದೆಯ ಅಂಚುಗಳ ಮೇಲೆ ಹಾಯಿಸಿದರೆ ಒಣಗಿದ ಮೂತ್ರ ಮಂಕು ಹಳದಿ-ಹಸಿರಾಗಿ ಹೊಳೆಯುತ್ತದೆ. ಸಿಕ್ಕಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ.

ಹೆಚ್ಚಿನವರು ಫಿನಾಯಿಲ್ ಹಾಕುತ್ತಾರೆ. ಅದು ಮೂತ್ರದ ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆಯನ್ನು ಹೇರುತ್ತದೆ ಅಷ್ಟೆ; ಅದನ್ನು ಮೆಟ್ಟಿ ಪಾದ ನೆಕ್ಕಿಕೊಳ್ಳುವ ನಾಯಿಗೆ ಒಳ್ಳೆಯದೂ ಅಲ್ಲ. ಅಮೋನಿಯ ಇರುವ ಕ್ಲೀನರ್ ಇನ್ನೂ ಕೆಟ್ಟದ್ದು, ಏಕೆಂದರೆ ಹಳೆಯ ಮೂತ್ರದ ವಾಸನೆಯಲ್ಲಿರುವುದೂ ಅಮೋನಿಯವೇ. ಹಸಿ ಮೂತ್ರದ ಮೇಲೆ ಬ್ಲೀಚಿಂಗ್ ದ್ರಾವಣ ಸುರಿದರೆ ಕಣ್ಣು, ಗಂಟಲು ಉರಿಸುವ ವಿಷಾನಿಲ ಹುಟ್ಟಬಹುದು. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಕಿಣ್ವಯುಕ್ತ (ಎನ್‌ಜೈಮ್) ಕ್ಲೀನರ್ ಮಾತ್ರ ಮೂತ್ರದ ಅಂಶಗಳನ್ನು ಒಡೆದು ವಾಸನೆಯ ಮೂಲವನ್ನೇ ಕಳೆಯುತ್ತದೆ. ಮೊದಲು ಹಳೆ ಬಟ್ಟೆಯಿಂದ ಒತ್ತಿ ಹೀರಿಸಿ, ಬರೀ ನೀರಿನಿಂದ ಒರೆಸಿ, ಆಮೇಲೆ ಕ್ಲೀನರನ್ನು ಧಾರಾಳವಾಗಿ ಹಾಕಿ ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು, ತಾನಾಗಿ ಒಣಗಲು ಬಿಡಿ. ಅದಕ್ಕೆ ಮೊದಲು ಅಥವಾ ಅದರ ಜೊತೆಗೆ ಫಿನಾಯಿಲ್ ಹಾಕಿದರೆ ಕಿಣ್ವ ಕೆಲಸ ಮಾಡದೆ ಹೋಗಬಹುದು.

ನೆಲದ ಬಗೆ ನೋಡಿ ಕ್ರಮ ಬದಲಾಗಬೇಕು. ಹೊಳಪಿನ ಟೈಲ್ಸಿನಲ್ಲಿ ತೊಂದರೆ ಇರುವುದು ಟೈಲ್ಸಿನಲ್ಲಲ್ಲ, ಎರಡರ ನಡುವಿನ ಸಿಮೆಂಟಿನ ಗೆರೆಯಲ್ಲಿ. ಅಲ್ಲಿ ಬ್ರಷ್ಷಿನಿಂದ ಉಜ್ಜಿ. ಟೈಲ್ಸಿಗೆ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಬಳಸಬಹುದಾದರೂ, ಹಳೆಯ ಮನೆಗಳ ಕೆಂಪು ಕಾವಿಯ ಸಿಮೆಂಟು ನೆಲಕ್ಕೆ ಮತ್ತು ಅಮೃತಶಿಲೆಗೆ ವಿನೆಗರ್ ಹಾಕಿದರೆ ಹೊಳಪು ಶಾಶ್ವತವಾಗಿ ಹೋಗುತ್ತದೆ. ಗಿಲಾವು ಮಾಡದ ಕೆಂಪುಕಲ್ಲಿನ ಗೋಡೆ ಮೂತ್ರವನ್ನು ಒಳಗೆ ಎಳೆದುಕೊಳ್ಳುವುದರಿಂದ, ಕ್ಲೀನರಿನಲ್ಲಿ ಅದ್ದಿದ ಬಟ್ಟೆಯನ್ನು ಅದಕ್ಕೆ ಒತ್ತಿ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಂದು ರಾತ್ರಿ ಬಿಟ್ಟು, ಎರಡು ಮೂರು ಬಾರಿ ಹೀಗೆ ಮಾಡಬೇಕು. ಸೆಗಣಿ ಸಾರಿಸುವ ಮಣ್ಣಿನ ನೆಲವಾದರೆ ಮೂತ್ರ ಇಂಗಿದ ಮಣ್ಣನ್ನು ಒಂದಿಂಚು ಕೆರೆದು ತೆಗೆದು, ಹೊಸ ಮಣ್ಣು ಹಾಕಿ ಬಡಿದು ಸಾರಿಸುವುದೇ ಸರಿ. ಗೋಣಿಚೀಲವನ್ನು ತೊಳೆದು ಉಪಯೋಗವಿಲ್ಲ, ಬದಲಿಸಿ.

ಶುದ್ಧ ಮಾಡಿದ ಜಾಗದಲ್ಲಿ ನಾಯಿಯ ಅನ್ನದ ತಟ್ಟೆಯನ್ನೋ ಮಲಗುವ ಹಾಸನ್ನೋ ಇಡಿ. ತಾನು ಉಣ್ಣುವ, ಮಲಗುವ ಜಾಗವನ್ನು ನಾಯಿ ಸಾಮಾನ್ಯವಾಗಿ ಕೆಡಿಸುವುದಿಲ್ಲ. ಗೇಟಿಗೆ ನೀಲಿ ಬೆರೆಸಿದ ನೀರಿನ ಬಾಟಲಿ ಕಟ್ಟುವುದರಿಂದ ಪ್ರಯೋಜನವಿಲ್ಲ. ಮೆಣಸಿನ ಹುಡಿ ಚೆಲ್ಲುವುದು ಹಿಂಸೆ. ನ್ಯಾಫ್ತಲೀನ್ ಗುಳಿಗೆ ನಾಯಿಗೆ ವಿಷ.

ನಾಲ್ಕನೆಯ ಹಂತ: ಮನೆಯೊಳಗಿನ ಸ್ವಾತಂತ್ರ್ಯವನ್ನು ಸದ್ಯಕ್ಕೆ ಕಡಿಮೆ ಮಾಡುವುದು

ನಾಯಿ ಒಳಗೆ ಒಮ್ಮೆ ಯಶಸ್ವಿಯಾಗಿ ಮೂತ್ರ ಮಾಡಿದರೆ ಅಭ್ಯಾಸ ಒಂದು ಸುತ್ತು ಗಟ್ಟಿಯಾಯಿತೆಂದೇ ಲೆಕ್ಕ. ಆದ್ದರಿಂದ ಮುಂದಿನ ಆರರಿಂದ ಎಂಟು ವಾರ ಅದು ಒಳಗಿದ್ದಾಗ ಯಾರಾದರೊಬ್ಬರ ಕಣ್ಣಳತೆಯಲ್ಲಿರಬೇಕು. ಐದಾರು ಅಡಿಯ ಹಗ್ಗವನ್ನು ಕುತ್ತಿಗೆಯ ಪಟ್ಟಿಗೆ ಕಟ್ಟಿ ಅದರ ತುದಿಯನ್ನು ನಿಮ್ಮ ಕುರ್ಚಿಗೆ ಸಿಕ್ಕಿಸಿಕೊಂಡು ಕುಳಿತರೆ ಸಾಕು. ನೋಡಲು ಯಾರೂ ಇಲ್ಲದ ಹೊತ್ತಿನಲ್ಲಿ ಅದು ಆರಾಮವಾಗಿ ಎದ್ದುನಿಂತು ತಿರುಗಾಡಬಲ್ಲಷ್ಟು ದೊಡ್ಡದಾದ, ನೆರಳಿರುವ ಗೂಡಿನಲ್ಲಿರಲಿ. ಆದರೆ ಗೂಡಿಗೆ ಹಾಕುವ ಮೊದಲು ಮೂತ್ರ ಮಾಡಿಸಿಕೊಂಡು ಬಂದಿರಬೇಕು, ಮತ್ತು ಹಗಲಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂಡಿಹಾಕಬಾರದು. ಗೂಡು ಜೈಲಾಗದೆ ಮಲಗುವ ಕೋಣೆಯಾಗಿ ಉಳಿಯಬೇಕಾದರೆ ಅಲ್ಲಿ ಊಟ, ಮೆಲ್ಲಲು ಎಲುಬು, ಒಣ ಹಾಸು ಇರಬೇಕು.

ಅಡಿಕೆ ಗೋಣಿಗಳನ್ನು ಅಟ್ಟಕ್ಕೇರಿಸಿ, ಇಲ್ಲವೇ ಬಾಗಿಲು ಹಾಕಿದ ಕೋಣೆಯಲ್ಲಿಡಿ. ಪರದೆಗಳನ್ನು ಎರಡಡಿ ಮೇಲಕ್ಕೆ ಕಟ್ಟಿ. ನೆಂಟರ ಚಪ್ಪಲಿ, ಬ್ಯಾಗು ನೆಲದ ಮೇಲಿರದಂತೆ ನೋಡಿಕೊಳ್ಳಿ. ಬೇರೆ ನಾಯಿಯಿರುವ ಮನೆಯಿಂದ ಬಂದವರ ಬ್ಯಾಗು ಗಂಡು ನಾಯಿಗೆ ತೆರೆದ ಪತ್ರವಿದ್ದಂತೆ, ಉತ್ತರ ಬರೆಯದೆ ಅದು ಸುಮ್ಮನಿರಲಾರದು.

ಐದನೆಯ ಹಂತ: ಹೊರಗೆ ಒಂದು ಜಾಗ, ಒಂದು ಹೊತ್ತು, ಒಂದು ಮಾತು

ಗುರುತು ಹಾಕುವ ಆಸೆಯನ್ನು ಅಳಿಸುವುದು ಸಾಧ್ಯವಿಲ್ಲ. ಅದಕ್ಕೆ ಒಪ್ಪಿಗೆಯ ಜಾಗವೊಂದನ್ನು ಕೊಡುವುದು ಸಾಧ್ಯ. ಇಡೀ ಮಾರ್ಗದರ್ಶಿಯಲ್ಲಿ ಅತ್ಯಂತ ಫಲ ಕೊಡುವುದು ಇದೇ ಎಂದು ನಾನು ನಂಬಿದ್ದೇನೆ.

ಅಂಗಳದಿಂದ ಸ್ವಲ್ಪ ಆಚೆ, ಬಾವಿಯಿಂದ ದೂರ, ಅಡಿಕೆ ಒಣಗಿಸುವ ಜಾಗದಿಂದ ದೂರ, ನಾಲ್ಕಡಿ ಉದ್ದ ನಾಲ್ಕಡಿ ಅಗಲದ ಜಾಗವನ್ನು ಆರಿಸಿ. ಅರ್ಧ ಅಡಿ ಮಣ್ಣು ತೆಗೆದು ಹೊಯಿಗೆ (ಮರಳು) ತುಂಬಿ. ಬಿದ್ದುಹೋದ ಅಡಿಕೆ ಮರದ ಮೂರೂವರೆ ಅಡಿಯ ತುಂಡೊಂದನ್ನು ಒಂದಡಿ ಆಳಕ್ಕೆ ನೆಟ್ಟು ಗಟ್ಟಿ ಮಾಡಿ. ಅದರ ಒರಟು ಮೈಗೆ ವಾಸನೆ ಚೆನ್ನಾಗಿ ಹಿಡಿಯುತ್ತದೆ, ಕಾಲೆತ್ತುವುದಕ್ಕೆ ಎತ್ತರವೂ ಸರಿಯಾಗುತ್ತದೆ. ಮನೆಯೊಳಗೆ ಮೂತ್ರ ಒರೆಸಿದ ಬಟ್ಟೆಯನ್ನು ಬಿಸಾಡದೆ ಈ ಕಂಬದ ಬುಡಕ್ಕೆ ಸುತ್ತಿ ಎರಡು ದಿನ ಬಿಡಿ. ನಾಯಿ ಅಲ್ಲಿಗೆ ಬಂದು ಮೂಸಿ ಕಾಲೆತ್ತುವುದನ್ನು ನೀವೇ ನೋಡುವಿರಿ.

ಮಳೆಗಾಲಕ್ಕೆ ಈ ಜಾಗದ ಮೇಲೆ ಮಾಡು ಇರಲೇಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ, ಮತ್ತು ಎಷ್ಟೋ ನಾಯಿಗಳು ಆಟಿ ತಿಂಗಳ ಜಡಿಮಳೆಯಲ್ಲಿ ಜಗಲಿಯ ತುದಿಯವರೆಗೆ ಬಂದು ಮೂಗು ಮಾತ್ರ ಹೊರಗೆ ಚಾಚಿ ಹಿಂದಿರುಗುತ್ತವೆ. ನಮಗೆ ಅದು ಹೊರಗೆ ಹೋಗಿ ಬಂದಂತೆ ಕಾಣುತ್ತದೆ, ಮೂತ್ರಕೋಶ ಮಾತ್ರ ತುಂಬಿಯೇ ಇರುತ್ತದೆ. ಮಳೆಗಾಲದಲ್ಲಿ ಹೆಚ್ಚುವ ದೂರುಗಳಿಗೆ ಮುಖ್ಯ ಕಾರಣ ಇದೇ. ನಾಲ್ಕು ಅಡಿಕೆ ಕಂಬದ ಮೇಲೆ ಒಂದು ಶೀಟು ಹಾಕಿ, ಮನೆಯ ಸೂರಿನಿಂದ ಅಲ್ಲಿಯವರೆಗೆ ಕೆಸರಿಲ್ಲದ ದಾರಿ ಮಾಡಿಕೊಡಿ. ಕೊಡೆ ಹಿಡಿದು ನೀವೂ ಜೊತೆಗೆ ಹೋಗಿ, ಮಾಡಿತೋ ಇಲ್ಲವೋ ಎಂದು ಕಣ್ಣಾರೆ ನೋಡಿ.

ಮೊದಲ ಎರಡು ವಾರ ಬೆಳಗ್ಗೆ ಎದ್ದ ಕೂಡಲೇ, ಪ್ರತಿ ಊಟವಾಗಿ ಕಾಲು ಗಂಟೆಯೊಳಗೆ, ನಿದ್ದೆಯಿಂದ ಎದ್ದಾಗ, ಆಟವಾದ ಮೇಲೆ, ರಾತ್ರಿ ಮಲಗುವ ಮೊದಲು, ಇವುಗಳ ನಡುವೆ ಎರಡು ಮೂರು ಗಂಟೆಗೊಮ್ಮೆ ಹಗ್ಗ ಹಿಡಿದು ಅದೇ ಜಾಗಕ್ಕೆ ಒಯ್ಯಿರಿ. ಅಲ್ಲಿ ನಿಂತು ಆಟವಾಡಿಸಬೇಡಿ, ಐದು ನಿಮಿಷ ಸುಮ್ಮನೆ ಕಾಯಿರಿ. ಮೂತ್ರ ಮಾಡುವಾಗ ನೀವು ಆರಿಸಿಕೊಂಡ ಮಾತೊಂದನ್ನು ಮೆಲ್ಲಗೆ ಹೇಳಿ. ಮುಗಿದ ಎರಡು ಮೂರು ಸೆಕೆಂಡಿನೊಳಗೆ, ಅಲ್ಲಿಯೇ ನಿಂತು, ಬೇಯಿಸಿದ ಕೋಳಿಯ ಚೂರೋ ತೆಂಗಿನಕಾಯಿಯ ಚೂರೋ ಕೊಟ್ಟು ಮೈದಡವಿ. ಜಗಲಿಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಸಿಕ್ಕಿತೆಂದೇ ಅದು ತಿಳಿಯುತ್ತದೆ. ಐದು ನಿಮಿಷದಲ್ಲಿ ಮಾಡದಿದ್ದರೆ ಒಳಗೆ ತಂದು ಕಣ್ಣಳತೆಯಲ್ಲಿ ಕಟ್ಟಿ, ಹತ್ತು ನಿಮಿಷ ಬಿಟ್ಟು ಮತ್ತೆ ಒಯ್ಯಿರಿ.

ಆ ಮಾತು ಯಾವುದಾದರೂ ಆಗಬಹುದು, ಆದರೆ ಮನೆಯವರೆಲ್ಲರೂ ಅದನ್ನೇ ಬಳಸಬೇಕು. ಅಜ್ಜಿ ಹವ್ಯಕದಲ್ಲಿ, ಮಕ್ಕಳು ಕನ್ನಡದಲ್ಲಿ, ತೋಟದ ಕೆಲಸದವರು ತುಳುವಿನಲ್ಲಿ, ಪಕ್ಕದ ಮನೆಯವರು ಮಲಯಾಳದಲ್ಲಿ ನಾಯಿಯೊಡನೆ ಮಾತಾಡುವ ಊರು ನಮ್ಮದು. ಅದೆಲ್ಲವೂ ಇರಲಿ, ಈ ಒಂದು ಅಪ್ಪಣೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಆಗಿರಲಿ.

ಆರನೆಯ ಹಂತ: ಒಳಗೆ ಕಾಲೆತ್ತಿದಾಗ ಏನು ಮಾಡಬೇಕು?

ಮೂಸುತ್ತಾ ಸುತ್ತುವುದು, ಲಂಬವಾದ ವಸ್ತುವಿನ ಪಕ್ಕಕ್ಕೆ ಸೊಂಟ ತಿರುಗಿಸುವುದು ಕಂಡ ಕೂಡಲೇ ಒಂದು ಚಪ್ಪಾಳೆ ತಟ್ಟಿ, ಹೆಸರು ಹಿಡಿದು ಲವಲವಿಕೆಯಿಂದ ಕರೆದು ಹೊರಗಿನ ಕಂಬದ ಬಳಿಗೆ ಒಯ್ಯಿರಿ; ಅಲ್ಲಿ ಮುಗಿಸಿದರೆ ಬಹುಮಾನ ಕೊಡಿ. ಚಪ್ಪಾಳೆ ಗಮನ ತಪ್ಪಿಸುವುದಕ್ಕೆ ಮಾತ್ರ, ಹೆದರಿಸುವುದಕ್ಕಲ್ಲ. ಮೂತ್ರ ಮಾಡಿ ಹೋದ ಮೇಲೆ ನಿಮಗೆ ತಿಳಿದರೆ ಮಾತಿಲ್ಲದೆ ಒರೆಸಿ. ಮೂತಿಯನ್ನು ಮೂತ್ರಕ್ಕೆ ಉಜ್ಜುವುದು, ಎಳೆದು ತಂದು ತೋರಿಸಿ ಹೊಡೆಯುವುದು ಕ್ರೂರವೂ ನಿಷ್ಫಲವೂ ಹೌದು. ಐದು ನಿಮಿಷದ ಹಿಂದಿನ ಕೆಲಸಕ್ಕೂ ಈಗಿನ ಪೆಟ್ಟಿಗೂ ಸಂಬಂಧವನ್ನು ನಾಯಿ ಕಲ್ಪಿಸಲಾರದು. ಮನುಷ್ಯರ ಎದುರಿಗೆ ಮೂತ್ರ ಮಾಡುವುದು ಅಪಾಯವೆಂದು ಮಾತ್ರ ಅದು ಕಲಿಯುತ್ತದೆ. ಮರುದಿನದಿಂದ ಮಂಚದ ಅಡಿಯಲ್ಲಿ, ಬಾಗಿಲ ಮರೆಯಲ್ಲಿ ಮಾಡತೊಡಗುತ್ತದೆ, ಹಗ್ಗ ಹಿಡಿದು ಹೊರಗೆ ನಿಂತರೆ ನಿಮ್ಮೆದುರು ಮಾಡುವುದೇ ಇಲ್ಲ. ಪೆಟ್ಟು ತಿಂದ ನಾಯಿಗಳ ತರಬೇತಿ ಹೆಚ್ಚು ಕಾಲ ಹಿಡಿಯುವುದು ಇದೇ ಕಾರಣಕ್ಕೆ.

ಸಂತೋಷಕ್ಕೋ ಅಂಜಿಕೆಗೋ ಹನಿಸುವ ನಾಯಿಗೆ ಉಪಾಯ ಸುಲಭ. ಮನೆಗೆ ಬಂದಾಗ ಮೊದಲ ಐದು ನಿಮಿಷ ಅದರ ಕಡೆ ನೋಡದೆ ಇರಿ. ಆಮೇಲೆ ಅಂಗಳದಲ್ಲೇ, ಪಕ್ಕಕ್ಕೆ ತಿರುಗಿ ಕುಳಿತು, ತಲೆಯ ಮೇಲಿಂದ ಕೈ ತಾರದೆ ಗಲ್ಲದ ಕೆಳಗೆ ಮುಟ್ಟಿ ಮಾತಾಡಿಸಿ. ಒಂಟಿತನದ ಭಯವಿರುವ ನಾಯಿಯ ವಿಷಯ ಇಷ್ಟು ಸರಳವಲ್ಲ. ಕ್ಷಣಗಳಿಂದ ಆರಂಭಿಸಿ ಬಿಟ್ಟುಹೋಗುವ ಅವಧಿಯನ್ನು ಬಹಳ ನಿಧಾನವಾಗಿ ಹೆಚ್ಚಿಸಬೇಕು, ಕೆಲವೊಮ್ಮೆ ವೈದ್ಯರು ಬರೆದುಕೊಡುವ ಆತಂಕ ನಿವಾರಕ ಔಷಧವೂ ಬೇಕಾಗುತ್ತದೆ.

ಏಳನೆಯ ಹಂತ: ಕೆರಳಿಸುವ ಸಂಗತಿಗಳು

ನಮ್ಮ ಕಡೆ ಬೀದಿನಾಯಿಗಳ ಬೆದೆಗಾಲ ಕನ್ಯಾ ತಿಂಗಳೆಂದು ಎಲ್ಲರಿಗೂ ಗೊತ್ತು. ಮಳೆ ಇಳಿಮುಖವಾಗುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೆಣ್ಣು ನಾಯಿಗಳು ಬೆದೆಗೆ ಬಂದು, ಗಂಡುಗಳು ಗುಂಪಾಗಿ ತೋಟದ ಬೇಲಿಯ ಆಚೆ ಸುಳಿಯತೊಡಗಿದಾಗ, ಒಳಗಿರುವ ಗಂಡು ನಾಯಿ ಕಿಟಕಿಯ ಕೆಳಗೆ, ಹೊಸ್ತಿಲ ಬಳಿ ಗುರುತು ಹಾಕುವುದು ಇಮ್ಮಡಿಯಾಗುತ್ತದೆ. ಆ ವಾರಗಳಲ್ಲಿ ಕಿಟಕಿಯ ಕೆಳಭಾಗವನ್ನು ಮರೆ ಮಾಡಿ, ಜಗಲಿಯ ಮೆಟ್ಟಿಲಿಗೆ, ಗೇಟಿನ ಕಂಬಕ್ಕೆ ಹೊರಗಿನ ನಾಯಿಗಳು ಹಾಕಿದ ಮೂತ್ರವನ್ನು ದಿನಾ ತೊಳೆಯಿರಿ. ಮನೆಯ ನಾಯಿಯನ್ನು ಒಂಟಿಯಾಗಿ ಬಿಡದೆ ಹಗ್ಗದಲ್ಲೇ ತಿರುಗಾಡಿಸಿ.

ಮನೆಗೆ ಹೊಸ ಮಗು, ಹೊಸ ನಾಯಿ, ಹೊಸ ಪೀಠೋಪಕರಣ ಬಂದಾಗ, ಅಡಿಕೆ ಕೊಯ್ಲಿಗೆ ಅಪರಿಚಿತರು ಬಂದುಹೋಗುವಾಗ, ದೈವದ ಕೋಲಕ್ಕೋ ಮದುವೆಗೋ ಮನೆ ತುಂಬಾ ಜನ ಸೇರಿದಾಗಲೂ ಹೀಗಾಗುತ್ತದೆ. ಹೊಸ ವಸ್ತುವನ್ನು ಒಂದೆರಡು ದಿನ ಎತ್ತರದಲ್ಲಿಟ್ಟು, ಮನೆಯ ವಾಸನೆ ಹಿಡಿದ ಮೇಲೆ ಕೆಳಗಿಳಿಸಿ. ಗದ್ದಲದ ದಿನ ನಾಯಿಯನ್ನು ಹಿಂದಿನ ಕೋಣೆಯಲ್ಲಿ ನೀರು, ಹಾಸಿನೊಂದಿಗೆ ಇರಿಸಿ, ಅದನ್ನು ಹೊತ್ತಿಗೆ ಸರಿಯಾಗಿ ಹೊರಗೊಯ್ಯುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಎಲ್ಲರ ಹೊಣೆಯಾದರೆ ಯಾರೂ ಒಯ್ಯುವುದಿಲ್ಲ.

ಎಂಟನೆಯ ಹಂತ: ಬೀಜ ತೆಗೆಸುವ ಶಸ್ತ್ರಚಿಕಿತ್ಸೆ

ಗುರುತು ಹಾಕುವ ಮೂತ್ರಕ್ಕೆ ಗಂಡು ಹಾರ್ಮೋನಿನ ಬೆಂಬಲವಿರುವುದರಿಂದ ಬೀಜ ತೆಗೆಸುವುದು ನಿಜಕ್ಕೂ ಸಹಾಯ ಮಾಡುತ್ತದೆ. ಅಮೆರಿಕದಲ್ಲಿ 57 ಬೆಳೆದ ಗಂಡು ನಾಯಿಗಳ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶೇಕಡಾ 60ಕ್ಕೂ ಹೆಚ್ಚು ನಾಯಿಗಳಲ್ಲಿ ಈ ಅಭ್ಯಾಸ ಅರ್ಧ ಅಥವಾ ಅದಕ್ಕಿಂತ ಹೆಚ್ಚು ತಗ್ಗಿತು. ಹೆಚ್ಚುಕಡಿಮೆ ಪೂರ್ತಿಯಾಗಿ ನಿಂತದ್ದು ಶೇಕಡಾ 25ರಿಂದ 40ರಷ್ಟರಲ್ಲಿ. ನಾಯಿಯ ಪ್ರಾಯವಾಗಲಿ, ಅಭ್ಯಾಸ ಎಷ್ಟು ಹಳೆಯದೆಂಬುದಾಗಲಿ ಫಲಿತಾಂಶವನ್ನು ಬದಲಿಸಲಿಲ್ಲ. ಆದ್ದರಿಂದ ಪ್ರಾಯ ಮೀರಿತೆಂದು ಹಿಂಜರಿಯಬೇಕಾಗಿಲ್ಲ, ಹಾಗೆಂದು ಶಸ್ತ್ರಚಿಕಿತ್ಸೆಯೊಂದರಿಂದಲೇ ಎಲ್ಲ ಸರಿಯಾಗುತ್ತದೆಂದೂ ನಂಬಬೇಡಿ. ಭಯದಿಂದ ಅಥವಾ ಕಲಿಕೆಯ ಕೊರತೆಯಿಂದ ಮಾಡುವ ಮೂತ್ರಕ್ಕೆ ಇದರಿಂದ ಪ್ರಯೋಜನವಾಗದು. ಹಾರ್ಮೋನು ಬೇಗ ಇಳಿದರೂ ಅಭ್ಯಾಸ ಬಿಡಲು ವಾರಗಳಿಂದ ತಿಂಗಳುಗಳು ಬೇಕು.

ಪ್ರಾಸ್ಟೇಟ್ ಊದಿದ ನಾಯಿಗೆ ಇದೇ ಚಿಕಿತ್ಸೆಯೂ ಹೌದು. ಗಾಯ ಒಣಗಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ, ಕೆಸರು ಮತ್ತು ತೇವ ತುಂಬಿದ ಮಳೆಗಾಲವನ್ನು ಬಿಟ್ಟು ಡಿಸೆಂಬರಿನಿಂದ ಮಾರ್ಚಿನೊಳಗೆ ಮಾಡಿಸುವುದು ನಮ್ಮ ಹವೆಗೆ ಹೊಂದುತ್ತದೆ. ನೆಕ್ಕದಂತೆ ಕುತ್ತಿಗೆಗೆ ಕಟ್ಟುವ ಕಾಲರನ್ನು ಆ ದಿನಗಳಲ್ಲಿ ತೆಗೆಯಬೇಡಿ.

ಹೊಟ್ಟೆಗೆ ಸುತ್ತುವ ಬಟ್ಟೆಯ ಪಟ್ಟಿ ಮಾರುಕಟ್ಟೆಯಲ್ಲಿದೆ. ನೆಂಟರ ಮನೆಗೆ ಕರೆದೊಯ್ಯುವಾಗ ಎರಡು ಮೂರು ಗಂಟೆಗೆ ಅದು ಉಪಯುಕ್ತ. ದಿನವಿಡೀ ಕಟ್ಟಿದರೆ ನಮ್ಮ ಸೆಕೆ, ತೇವಕ್ಕೆ ಚರ್ಮ ಬೆಂದು ಹುಣ್ಣಾಗುತ್ತದೆ, ಮತ್ತು ನಾಯಿ ಏನನ್ನೂ ಕಲಿಯುವುದಿಲ್ಲ.

ಒಂಬತ್ತನೆಯ ಹಂತ: ಸ್ವಾತಂತ್ರ್ಯವನ್ನು ಹಿಂದಿರುಗಿಸುವುದು

ಒಳಗೆ ಒಮ್ಮೆಯೂ ಮಾಡದೆ ನಾಲ್ಕು ವಾರ ಕಳೆದರೆ ಒಂದು ಕೋಣೆಯನ್ನು ಬಿಟ್ಟುಕೊಡಿ, ಹಗ್ಗವನ್ನು ಬಿಚ್ಚಿ. ಇನ್ನೆರಡು ವಾರ ಸರಿಯಿದ್ದರೆ ಇನ್ನೊಂದು ಕೋಣೆ. ಹೊರಗೊಯ್ಯುವ ಅಂತರವನ್ನು ಮೂರು ಗಂಟೆಯಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ ಏರಿಸಿ. ಬೆಳೆದ ನಾಯಿಗಾದರೂ ಹಗಲು ಆರರಿಂದ ಎಂಟು ಗಂಟೆಗಿಂತ ಹೆಚ್ಚು ತಡೆದಿಡುವಂತೆ ಮಾಡಬಾರದು. ತಿಂಡಿಯ ಬಹುಮಾನವನ್ನು ನಿಧಾನವಾಗಿ ಕಡಿಮೆ ಮಾಡಿದರೂ ಬಾಯಿಮಾತಿನ ಮೆಚ್ಚುಗೆಯನ್ನು ನಿಲ್ಲಿಸಬೇಡಿ.

ನಡುವೆ ಒಂದು ಸಲ ತಪ್ಪಿದರೆ ಎಲ್ಲ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ; ಜಾಗವನ್ನು ಕಿಣ್ವದ ಕ್ಲೀನರಿನಿಂದ ತೊಳೆದು, ಒಂದು ಕೋಣೆ ಹಿಂದಕ್ಕೆ ತೆಗೆದುಕೊಂಡು, ಆ ದಿನ ಮನೆಯಲ್ಲಿ ಹೊಸತೇನು ನಡೆದಿತ್ತೆಂದು ಟಿಪ್ಪಣಿಯಲ್ಲಿ ನೋಡಿ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತಪ್ಪಿದರೆ ಮೊದಲ ಹಂತದಿಂದ ಮತ್ತೆ ಗಮನಿಸಲು ಶುರು ಮಾಡಿ, ಮತ್ತು ಎಂಟು ವಾರ ಕ್ರಮ ತಪ್ಪದೆ ಮಾಡಿಯೂ ಬದಲಾವಣೆ ಕಾಣದಿದ್ದರೆ ಮೂತ್ರ ಪರೀಕ್ಷೆಯ ಜೊತೆಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.